ಕದಿರು ತುಂಬಿದ ಮೇಲೆ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)



ನಿವೃತ್ತಿಯ ನಂತರದ ನನ್ನ ಹವ್ಯಾಸವನ್ನು ಕುರಿತು ಕೆಲವು ನಿಮಿಷ ಮಾತನಾಡಬೇಕೆಂದು ಆಕಾಶವಾಣಿಯ ಮಿತ್ರರು ಕೇಳಿದಾಗ ನಾನು ತುಸು ಸಂಕೋಚದಿಂದಲೇ ಒಪ್ಪಿಕೊಂಡೆ. ಮೂವತ್ತಾರು ವರ್ಷ ಕನ್ನಡ ಪಾಠ ಹೇಳಿದವನು ನಿವೃತ್ತನಾದ ಮೇಲೆ ಏನು ಮಾಡಬೇಕೆಂಬುದು ನಮ್ಮಲ್ಲಿ ಹೆಚ್ಚುಕಡಿಮೆ ನಿರ್ಧಾರವಾಗಿಯೇ ಹೋಗಿದೆ. ಅವನು ಆತ್ಮಕಥೆ ಬರೆಯಬೇಕು. ಇಲ್ಲವೆ ಪಂಪನಿಗೋ ಕುಮಾರವ್ಯಾಸನಿಗೋ ಹೊಸದೊಂದು ವ್ಯಾಖ್ಯಾನ ಬರೆಯಬೇಕು. ಅದೂ ಆಗದಿದ್ದರೆ ಸಭೆಗಳ ಅಧ್ಯಕ್ಷತೆ ವಹಿಸಬೇಕು. ನಾನು ಈ ಮೂರನ್ನೂ ಬಿಟ್ಟು ಹೆಣಿಗೆ, ನೇಯ್ಗೆ, ನೂಲುವಿಕೆಗಳ ಬೆನ್ನು ಹತ್ತಿದೆ. ಒಂದು ಸಂಜೆ ಮನೆಗೆ ಬಂದ ಹಳೆಯ ಸಹೋದ್ಯೋಗಿಯೊಬ್ಬರು ನನ್ನ ಮಡಿಲಲ್ಲಿ ಉಣ್ಣೆಯ ಉಂಡೆಯನ್ನು ಕಂಡು, ಇದನ್ನು ವೈದ್ಯರು ಹೇಳಿದ್ದಾರೆಯೇ ಎಂದು ಕನಿಕರದಿಂದ ವಿಚಾರಿಸಿದರು.

ವೈದ್ಯರು ಹೇಳಿದ್ದಲ್ಲ. ಹೇಳಿದವರು ಯಾರೆಂಬುದನ್ನು ಈ ಭಾಷಣದ ಕೊನೆಯಲ್ಲಿ ತಿಳಿಸುತ್ತೇನೆ.

ಬಟ್ಟೆಯ ಹುಟ್ಟಿನ ಕ್ರಮದಲ್ಲಿ ಮೊದಲು ನೂಲು, ಆಮೇಲೆ ನೇಯ್ಗೆ. ನಾನು ಕಲಿತದ್ದು ತಿರುವುಮುರುವಾಗಿ. ಮೊದಲು ಹೆಣಿಗೆ, ಅನಂತರ ಮಗ್ಗ, ಕಡೆಗೆ ರಾಟೆ. ಅಚ್ಚಾದ ಪುಸ್ತಕದಿಂದ ಹೊರಟು ಕೈಬರಹದ ಪ್ರತಿಗೆ, ಅಲ್ಲಿಂದ ಓಲೆಗರಿಗೆ ಹಿಂದೆ ಹಿಂದೆ ಹೋಗುವ ಗ್ರಂಥಸಂಪಾದಕನ ದಾರಿ ಇದು. ಹಳೆಯ ಅಭ್ಯಾಸ ಹೊಸ ಹವ್ಯಾಸದಲ್ಲಿಯೂ ಬಿಡಲಿಲ್ಲವೆಂದು ಕಾಣುತ್ತದೆ.

ಹೆಣಿಗೆಯಲ್ಲಿ ನನ್ನ ಗುರು ನಮ್ಮ ಮನೆಯವರು. ಧಾರವಾಡದ ಮಳೆಗಾಲವನ್ನು ಬಲ್ಲವರಿಗೆ ಈ ಊರಿನ ಹೆಣ್ಣುಮಕ್ಕಳ ಕೈಯಲ್ಲಿ ಉಣ್ಣೆ ಏಕಿತ್ತೆಂದು ವಿವರಿಸಬೇಕಾಗಿಲ್ಲ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಅವರು ಎರಡು ಕಡ್ಡಿಗಳನ್ನು ಹಿಡಿದು ಕುಳಿತರೆ, ನಾನು ಪಕ್ಕದ ಕುರ್ಚಿಯಲ್ಲಿ ಉತ್ತರಪತ್ರಿಕೆಗಳನ್ನು ತಿದ್ದುತ್ತ ಮೂವತ್ತು ವರ್ಷ ಆ ಕಡ್ಡಿಗಳ ಸಪ್ಪಳವನ್ನು ಕೇಳಿದ್ದೆ, ಕೈಗಳನ್ನು ನೋಡಿರಲಿಲ್ಲ. ನಿವೃತ್ತನಾದ ವರ್ಷ, ತಿದ್ದಲು ಪತ್ರಿಕೆಗಳಿಲ್ಲದ ಕಾರಣ, ನೋಡಿದೆ.

ನೋಡಿದಾಗ ತಿಳಿದದ್ದು ಇದು: ಹೆಣಿಗೆಯಲ್ಲಿ ಇರುವುದು ಮೂಲತಃ ಒಂದೇ ಎಳೆ. ಸ್ವೆಟರೆಂದರೆ ಸಾವಿರಾರು ಕುಣಿಕೆಗಳಾಗಿ ಬಾಗಿದ ಉದ್ದನೆಯ ದಾರ. ಪ್ರತಿಯೊಂದು ಕುಣಿಕೆಯೂ ತನ್ನ ಕೆಳಗಿನ ಕುಣಿಕೆಯೊಳಗಿಂದ ಹಾದು ಬಂದಿರುತ್ತದೆ. ಮೇಲಿನದು ಅದರೊಳಗಿಂದ ಹಾದು ಹೋಗುತ್ತದೆ. ಎಳೆದರೆ ಹಿಗ್ಗುವುದು, ಬಿಟ್ಟರೆ ಕುಗ್ಗುವುದು ಈ ಬಾಗಿನಿಂದಲೇ. ಹೆಣೆಯುವವರು ಸೀದಾ, ಉಲ್ಟಾ ಎಂದು ಎಣಿಸುತ್ತಾರಲ್ಲ, ಅವೆರಡೂ ಬೇರೆ ಬೇರೆಯಲ್ಲ. ಒಂದೇ ಕುಣಿಕೆಯ ಮುಂಭಾಗ ಮತ್ತು ಹಿಂಭಾಗ. ಈ ಎರಡರ ಅದಲುಬದಲಿನಿಂದಲೇ ಅಷ್ಟೆಲ್ಲ ವಿನ್ಯಾಸಗಳು ಹುಟ್ಟುತ್ತವೆ. ಲಘು ಗುರುಗಳೆಂಬ ಎರಡೇ ಅಕ್ಷರಗಳಿಂದ ಇಡೀ ಛಂದಸ್ಸನ್ನು ಕಟ್ಟಿದ ನಮಗೆ ಇದರಲ್ಲಿ ಆಶ್ಚರ್ಯವಾಗಬಾರದು. ಆದರೂ ನನಗೆ ಆಯಿತು.

ಕಂದಪದ್ಯಕ್ಕೆ ಪ್ರಸ್ತಾರ ಹಾಕುವವನಿಗೆ ಕುಣಿಕೆ ಎಣಿಸುವುದು ಯಾವ ದೊಡ್ಡ ಮಾತು ಎಂದುಕೊಂಡು ಒಂದು ಮಫ್ಲರನ್ನು ಆರಂಭಿಸಿದೆ. ನಲವತ್ತು ಕುಣಿಕೆಗಳಿಂದ ಆರಂಭವಾದದ್ದು ಒಂದು ಮೊಳ ಬೆಳೆಯುವಷ್ಟರಲ್ಲಿ ಐವತ್ತಮೂರಾಗಿತ್ತು. ದಾರ ಕಡ್ಡಿಯ ಮೇಲೆ ಅರಿವಿಲ್ಲದೆ ಒಂದು ಸುತ್ತು ಹೆಚ್ಚು ಬಿದ್ದರೆ ಮುಂದಿನ ಸಾಲಿನಲ್ಲಿ ಅದೂ ಒಂದು ಕುಣಿಕೆಯಾಗಿ ಕೂಡಿಕೊಳ್ಳುತ್ತದೆ. ಹೀಗೆ ನನ್ನ ಮಫ್ಲರು ಹ್ರಸ್ವದಲ್ಲಿ ಹುಟ್ಟಿ ದೀರ್ಘದಲ್ಲಿ ಮುಗಿಯಿತು. ಅದರ ನಡುವೆ ಒಂದು ಕುಣಿಕೆ ಕಡ್ಡಿಯಿಂದ ಜಾರಿ, ಸಾಲಿನಿಂದ ಸಾಲಿಗೆ ಕೆಳಗಿಳಿದು, ಏಣಿಯಂಥ ಒಂದು ಬಿರುಕಾಯಿತು. ಕೆಳಗಿನ ಗಂಟನ್ನು ಬಿಡಿಸುತ್ತ ಕುಳಿತ ನನ್ನನ್ನು ನೋಡಿ ಮನೆಯವರು, “ಅಲ್ರೀ, ಇಷ್ಟು ವರ್ಷ ಹುಡುಗರಿಗೆ ಪದ್ಯ ಬಿಡಿಸಿ ಹೇಳಿದ್ರಿ, ಈ ಒಂದು ಗಂಟು ಬಿಡಿಸ್ಲಿಕ್ಕೆ ಬರೂದಿಲ್ಲೇನು?” ಎಂದರು. ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಹೆಣೆಯಬೇಕೆಂದು ನಾನು ತಿಳಿದಿದ್ದೆ. ಅವರು ಕೊಕ್ಕೆಯುಳ್ಳ ಕಡ್ಡಿಯೊಂದನ್ನು ತಂದು, ಜಾರಿದ ಕುಣಿಕೆಯನ್ನು ತಳದಲ್ಲಿ ಹಿಡಿದು, ಏಣಿಯ ಒಂದೊಂದೇ ಮೆಟ್ಟಿಲನ್ನು ಅದರೊಳಗಿಂದ ಎಳೆಯುತ್ತ ಮೇಲಿನವರೆಗೆ ತಂದು ಕಡ್ಡಿಗೆ ಏರಿಸಿಬಿಟ್ಟರು. ಬಿರುಕು ಇದ್ದ ಗುರುತೂ ಉಳಿಯಲಿಲ್ಲ. ಬಿಟ್ಟದ್ದನ್ನು ಹಿಡಿಯಬಹುದು, ಎಲ್ಲಿ ಬಿಟ್ಟಿತೆಂಬುದು ಕಣ್ಣಿಗೆ ಬೀಳಬೇಕು, ಅಷ್ಟೆ.

ಹೆಣಿಗೆ ವಯಸ್ಸಿನಲ್ಲಿ ಕಿರಿದು. ಈವರೆಗೆ ಉಳಿದಿರುವ ಅತ್ಯಂತ ಹಳೆಯ ಹೆಣಿಗೆಯ ತುಣುಕುಗಳು ಈಜಿಪ್ಟಿನವು. ಅವುಗಳ ವಯಸ್ಸು ಹೆಚ್ಚೆಂದರೆ ಸಾವಿರ ವರ್ಷ. ನೇಯ್ಗೆಯಾದರೋ ಅದರ ಮುತ್ತಜ್ಜಿ. ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಯೊಂದಕ್ಕೆ ಅಂಟಿಕೊಂಡು ಉಳಿದಿದ್ದ ಬಣ್ಣದ ಹತ್ತಿಬಟ್ಟೆಯ ಚೂರು ನಾಲ್ಕು ಸಾವಿರ ವರ್ಷಕ್ಕೂ ಹಿಂದಿನದು. ಮಫ್ಲರು ಮುಗಿದ ಮೇಲೆ ನನ್ನ ಕುತೂಹಲ ಆ ಮುತ್ತಜ್ಜಿಯ ಕಡೆಗೆ ತಿರುಗಿತು.

ಬಡಿಗನೊಬ್ಬನಿಂದ ಮೇಜಿನ ಮೇಲೆ ಇಡಬಹುದಾದ ಪುಟ್ಟ ಮಗ್ಗವೊಂದನ್ನು ಮಾಡಿಸಿದೆ. ಕಲಿಸಿಕೊಟ್ಟವರು ಗುಳೇದಗುಡ್ಡದ ಕಡೆಯ ಹಿರಿಯ ನೇಕಾರರೊಬ್ಬರು. ಖಣದ ನೇಯ್ಗೆಯಲ್ಲಿ ತಲೆ ನರೆತ ಅವರಿಗೆ ನನ್ನ ಮಗ್ಗ ಮಕ್ಕಳ ಆಟಿಕೆಯಾಗಿ ಕಂಡಿರಬೇಕು, ಆದರೂ ನಗಲಿಲ್ಲ. ಮೊದಲ ದಿನವೇ ಅವರು ಒಂದು ಪ್ರಶ್ನೆ ಕೇಳಿದರು: “ಸರ್, ಹಾಸು ಗೊತ್ತೈತಿ, ಹೊಕ್ಕು ಗೊತ್ತೈತಿ. ಎರಡರಾಗ ತ್ರಾಸು ಯಾವುದಕ್ಕ ಹೆಚ್ಚು?”

ನಾನು ಉತ್ತರಿಸಲಾರದೆ ಹೋದೆ. ಹಾಸುಹೊಕ್ಕು ಎಂಬ ಮಾತನ್ನು ನನ್ನಷ್ಟು ಬಳಸಿದವರು ಈ ಪ್ರಾಂತದಲ್ಲಿ ಕಡಮೆಯಿರಬೇಕು. ಇಂಥ ಕವಿಯಲ್ಲಿ ಜೀವನಪ್ರೀತಿ ಹಾಸುಹೊಕ್ಕಾಗಿದೆ, ಇಂಥವರ ಕಾದಂಬರಿಯಲ್ಲಿ ಮಾನವೀಯತೆ ಹಾಸುಹೊಕ್ಕಾಗಿದೆ ಎಂದು ಎಷ್ಟು ಮುನ್ನುಡಿಗಳಲ್ಲಿ ಬರೆದಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಮಗ್ಗದ ಮುಂದೆ ಕುಳಿತ ಮೇಲೆ ತಿಳಿಯಿತು, ಇವು ಒಂದೇ ವಸ್ತುವಿನ ಎರಡು ಹೆಸರುಗಳಲ್ಲವೆಂದು. ಹಾಸು ಉದ್ದಕ್ಕೆ ಬಿಗಿದ ಎಳೆ. ನೇಯ್ಗೆ ಮುಗಿಯುವವರೆಗೆ ಅದಕ್ಕೆ ಬಿಡುವಿಲ್ಲ. ಸದಾ ಎಳೆತದಲ್ಲಿರಬೇಕು, ಲಾಳಿ ಹಾಯಲು ಮೇಲೆ ಕೆಳಗೆ ಸರಿಯಬೇಕು, ಹಣಿಗೆ ಬಡಿದಾಗಲೆಲ್ಲ ಅದರ ಹಲ್ಲುಗಳ ಉಜ್ಜಾಟವನ್ನು ತಡೆಯಬೇಕು. ಅದಕ್ಕಾಗಿಯೇ ಒಂಟಿ ಎಳೆಯ ಹಾಸಿಗೆ ಗಂಜಿ ಕುಡಿಸುತ್ತಾರೆ. ಕಂಬಳಿ ನೇಯುವ ಕುರುಬರು ಉಣ್ಣೆಗೆ ಹುಣಸೆಬೀಜದ ಅಂಟನ್ನು ಹಚ್ಚುವುದೂ ಹೀಗೆಯೇ. ಹೊಕ್ಕಿಗೆ ಈ ಕಷ್ಟಗಳಾವುವೂ ಇಲ್ಲ. ಅದು ಲಾಳಿಯಲ್ಲಿ ಕುಳಿತು ಆಚೆಗೊಮ್ಮೆ ಈಚೆಗೊಮ್ಮೆ ಓಡಾಡುತ್ತದೆ. ಬಟ್ಟೆಗೆ ಮೃದುತ್ವವನ್ನೂ ಮೈಯನ್ನೂ ಕೊಡುತ್ತದೆ. ಸಹಿಸುವುದು ಒಂದು, ಓಡಾಡುವುದು ಇನ್ನೊಂದು. ಎರಡೂ ಕೂಡಿದರೇ ಬಟ್ಟೆ. ಅಂದಿನಿಂದ ಮುನ್ನುಡಿಗಳಲ್ಲಿ ಆ ಮಾತನ್ನು ಬಳಸಲು ನನ್ನ ಕೈ ಬರುವುದಿಲ್ಲ.

ಇಂಥ ಮಾತುಗಳು ನಮ್ಮ ಭಾಷೆಯಲ್ಲಿ ಎಷ್ಟಿವೆ! ವಿಷಯವನ್ನು ಎಳೆ ಎಳೆಯಾಗಿ ಬಿಡಿಸುತ್ತೇವೆ, ಕಥೆಯ ಎಳೆ ತಪ್ಪಿತೆನ್ನುತ್ತೇವೆ, ತರುಣರನ್ನು ಹುರಿಗೊಳಿಸುತ್ತೇವೆ. ಜೇಡ ಎಂಬ ಶಬ್ದಕ್ಕೆ ಬಲೆ ನೇಯುವ ಹುಳು ಎಂಬ ಅರ್ಥ ಹೇಗೋ ಬಟ್ಟೆ ನೇಯುವವನು ಎಂಬ ಅರ್ಥವೂ ಹಾಗೆಯೇ ಇದೆಯೆಂದು, ಜೇಡರ ದಾಸಿಮಯ್ಯನ ಹೆಸರನ್ನು ಬಿಡಿಸುವಾಗ ನಾನು ವರ್ಷವರ್ಷವೂ ಹೇಳುತ್ತಿದ್ದೆ. ಶಬ್ದ ನನಗೆ ಗೊತ್ತಿತ್ತು. ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ದಿನವಿಡೀ ಕುಳಿತರೆ ಸೊಂಟಕ್ಕೆ ಏನಾಗುತ್ತದೆಂಬುದು ಗೊತ್ತಿರಲಿಲ್ಲ.

ಆ ಹಿರಿಯರು ಒಮ್ಮೆ ಇಳಕಲ್ಲಿನ ಸೀರೆಯೊಂದನ್ನು ಬಿಡಿಸಿ ಅದರ ಸೆರಗು ಒಡಲಿಗೆ ಸೇರುವ ಜಾಗವನ್ನು ತೋರಿಸಿದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ರೇಶಿಮೆಯ ಹಾಸು ಬೇರೆ. ಎರಡನ್ನೂ ಒಂದೊಂದೇ ಎಳೆಯಾಗಿ, ಕುಣಿಕೆಯಲ್ಲಿ ಕುಣಿಕೆ ಸಿಕ್ಕಿಸಿ ಕೂಡಿಸುತ್ತಾರೆ. ಇದಕ್ಕೆ ಕೊಂಡಿಯೆಂದು ಹೆಸರು. ಪ್ರತಿಯೊಂದು ಸೀರೆಗೂ ಈ ಕೆಲಸವನ್ನು ಹೊಸದಾಗಿ ಮಾಡಬೇಕು. ನಮ್ಮ ತಾಯಿಯವರು ಜೀವಮಾನವೆಲ್ಲ ಉಟ್ಟದ್ದು ಅದೇ ಸೀರೆ. ಆ ಸೆರಗನ್ನು ಹಿಡಿದೇ ನಾನು ನಡೆಯಲು ಕಲಿತದ್ದು. ಅದರಲ್ಲಿ ಕೊಂಡಿಯಿದೆಯೆಂದು ತಿಳಿಯಲು ಅರವತ್ತು ವರ್ಷ ಬೇಕಾಯಿತು.

ಮಗ್ಗಕ್ಕೆ ಮೊದಮೊದಲು ಗಿರಣಿಯ ನೂಲನ್ನು ಕೊಂಡು ತರುತ್ತಿದ್ದೆ. ಕಡೆಗೆ ಅದೂ ಸಾಲದೆನಿಸಿ ಒಂದು ಪೆಟ್ಟಿಗೆಯ ರಾಟೆಯನ್ನು ತಂದೆ. ನಾನು ಪ್ರಾಥಮಿಕ ಶಾಲೆಯಲ್ಲಿದ್ದಾಗ ತಕಲಿಯಲ್ಲಿ ನೂಲುವ ಪಾಠವಿತ್ತು. ಉದ್ಯೋಗದ ಮಾಸ್ತರರ ಕಣ್ಣು ತಪ್ಪಿಸಿ ತಕಲಿಯನ್ನು ಬುಗುರಿಯಂತೆ ಆಡಿಸಿದ್ದೊಂದೇ ಆ ಪಾಠದಲ್ಲಿ ನಾನು ಗಳಿಸಿದ ಪರಿಣತಿ. ಪೆಟ್ಟಿಗೆಯ ರಾಟೆಗೆ ಯೆರವಡೆಯ ರಾಟೆಯೆಂದೂ ಹೆಸರು. ಗಾಂಧೀಜಿ ಯೆರವಡೆಯ ಸೆರೆಮನೆಯಲ್ಲಿದ್ದಾಗ ಈ ಮಾದರಿ ರೂಪುಗೊಂಡಿತು. ಅದಕ್ಕೂ ಮುಂಚೆ ೧೯೨೯ರಲ್ಲಿ ಅಖಿಲ ಭಾರತ ಚರಕಾ ಸಂಘ ಉತ್ತಮವಾದ ರಾಟೆಯನ್ನು ನಿರ್ಮಿಸಿದವರಿಗೆ ಒಂದು ಲಕ್ಷ ರೂಪಾಯಿಯ ಬಹುಮಾನವನ್ನು ಸಾರಿತ್ತು. ಅಂದಿನ ಕಾಲಕ್ಕೆ ಅದು ಊಹೆಗೆ ನಿಲುಕದ ಮೊತ್ತ. ಬಹುಮಾನ ಯಾರಿಗೂ ಸಂದಾಯವಾಗಲಿಲ್ಲ.

ನೂಲುವುದನ್ನು ನೋಡುವುದು ಸುಲಭ. ಎಡಗೈಯಲ್ಲಿ ಹಂಜಿ, ಬಲಗೈಯಲ್ಲಿ ಚಕ್ರದ ಹಿಡಿ. ಕೈ ಒಂದು ಸುತ್ತು ತಿರುಗಿದರೆ ಕದಿರು ಹತ್ತಾರು ಸುತ್ತು ತಿರುಗುತ್ತದೆ. ಕದಿರಿನ ಒಂದೊಂದು ಸುತ್ತಿಗೂ ಎಳೆಗೆ ಒಂದೊಂದು ಹುರಿ ಏರುತ್ತದೆ. ಹುರಿ ಕಡಮೆಯಾದರೆ ಎಳೆ ಕೈಯಲ್ಲೇ ಬಿಟ್ಟುಹೋಗುತ್ತದೆ. ಹೆಚ್ಚಾದರೆ ಸುರುಳಿ ಸುರುಳಿಯಾಗಿ ಗಂಟಿಕ್ಕಿಕೊಳ್ಳುತ್ತದೆ. ಇನ್ನೂ ವಿಚಿತ್ರವೆಂದರೆ, ಹುರಿ ಯಾವಾಗಲೂ ತೆಳ್ಳಗಿರುವ ಕಡೆಗೇ ಓಡುತ್ತದೆ. ದಪ್ಪವಾದ ಜಾಗ ಸಡಿಲವಾಗಿಯೇ ಉಳಿಯುತ್ತದೆ. ನನ್ನ ಮೊದಲ ನೂಲು ಹಾವು ಇಲಿಗಳನ್ನು ಸಾಲಾಗಿ ನುಂಗಿದಂತಿತ್ತು. ಹಂಜಿಯನ್ನು ಹಿಡಿದ ಬೆರಳುಗಳು ಎಷ್ಟು ಬಿಡಬೇಕು, ಯಾವಾಗ ತಡೆಯಬೇಕೆಂಬುದನ್ನು ಯಾರೂ ಹೇಳಿಕೊಡಲಾರರು. ಆರು ತಿಂಗಳ ಮೇಲೆ ಒಂದು ಮುಂಜಾನೆ ಬೆರಳುಗಳಿಗೆ ಅದು ತಾನಾಗಿ ತಿಳಿಯಿತು. ನನಗೆ ತಿಳಿದದ್ದು ಆಮೇಲೆ.

ನೂಲಿನ ನಯವನ್ನು ಅಂಕದಿಂದ ಅಳೆಯುತ್ತಾರೆ. ಒಂದು ಪೌಂಡು ನೂಲಿನಲ್ಲಿ ೮೪೦ ಗಜದ ಲಡಿಗಳು ಎಷ್ಟಾಗುತ್ತವೆಯೋ ಅದೇ ಅದರ ಅಂಕ. ನಾನು ಬಹು ಪ್ರಯಾಸದಿಂದ ಇಪ್ಪತ್ತರ ಅಂಕವನ್ನು ಮುಟ್ಟಿದೆ. ನನ್ನ ನೂಲಿನಿಂದಲೇ ಒಂದು ಟವೆಲು ನೇಯಬೇಕೆಂದು ಹೊರಟಾಗ ಲೆಕ್ಕ ಹಾಕಿದೆ. ಅರವತ್ತು ಸೆಂಟಿಮೀಟರು ಅಗಲ, ನೂರಿಪ್ಪತ್ತು ಉದ್ದ. ಸೆಂಟಿಮೀಟರಿಗೆ ಹನ್ನೆರಡು ಎಳೆಯಂತೆ ಹಾಸಿಗೆ ೭೨೦ ಎಳೆಗಳು. ಮಗ್ಗಕ್ಕೆ ಕಟ್ಟುವಾಗ ಹೋಗುವ ತುದಿಗಳನ್ನೂ ಸೇರಿಸಿದರೆ ಒಂದೊಂದೂ ಒಂದೂವರೆ ಮೀಟರು. ಹೊಕ್ಕನ್ನೂ ಕೂಡಿದರೆ ಒಟ್ಟು ಸುಮಾರು ಎರಡು ಕಿಲೋಮೀಟರು ನೂಲು! ತೂಕ ಮಾತ್ರ ಅರವತ್ತು ಗ್ರಾಮು. ಗಂಟೆಗೆ ನೂರು ಮೀಟರು ನೂಲುವ ನನಗೆ ಬರಿಯ ನೂಲಿಗೇ ಇಪ್ಪತ್ತು ಗಂಟೆ ಹಿಡಿಯಿತು. ಹಾಸು ಹೂಡಿ, ನೇಯ್ದು, ಒಗೆದು ಹಿಂಡುವ ಹೊತ್ತು ಬೇರೆ.

ಆ ಲೆಕ್ಕದ ಚೀಟಿಯನ್ನು ನೋಡುತ್ತ ಕುಳಿತಾಗ ನನಗೆ ನಾಚಿಕೆಯಾಯಿತು. ನಾನು ಖಾದಿಯನ್ನು ಉಟ್ಟವನು; ಆದರೆ ಅಕ್ಟೋಬರಿನಲ್ಲಿ ಗಾಂಧಿ ಜಯಂತಿಯ ರಿಯಾಯಿತಿ ಬರುವವರೆಗೆ ಕಾದು ಕೊಳ್ಳುತ್ತಿದ್ದವನು, ರಿಯಾಯಿತಿ ಕಳೆದ ಮೇಲೂ ಬೆಲೆ ಹೆಚ್ಚಾಯಿತೆಂದು ಗೊಣಗುತ್ತಿದ್ದವನು. ನಮ್ಮ ಊರಿನಿಂದ ಅಷ್ಟೇನೂ ದೂರವಲ್ಲದ ಗರಗ ರಾಷ್ಟ್ರಧ್ವಜದ ಖಾದಿಗೆ ಹೆಸರಾದದ್ದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ೧೯೫೭ರಲ್ಲಿ ಹುಟ್ಟಿದ ಖಾದಿ ಸಂಸ್ಥೆ ಧ್ವಜವನ್ನೇ ಸಿದ್ಧಪಡಿಸುತ್ತ ಬಂದಿದೆ. ೨೦೨೧ರ ಡಿಸೆಂಬರಿನಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ, ಯಂತ್ರದಲ್ಲಿ ತಯಾರಾದ ಮತ್ತು ಪಾಲಿಯೆಸ್ಟರಿನ ಧ್ವಜಗಳಿಗೂ ಅನುಮತಿ ದೊರೆತಾಗ ನಾನು ಪತ್ರಿಕೆಯಲ್ಲಿ ಆ ಸುದ್ದಿಯನ್ನು ಎರಡು ಸಲ ಓದಿದೆ. ರಾಟೆ ತರುವ ಮುಂಚೆಯಾಗಿದ್ದರೆ ಒಂದು ಸಲ ಓದಿ ಪುಟ ತಿರುವುತ್ತಿದ್ದೆನೇನೋ. ನನಗೆ ಇದು ಹವ್ಯಾಸ. ದಾರ ಕಡಿದರೆ ಎದ್ದು ಚಹಾ ಕುಡಿಯಬಹುದು. ಲಡಿಯ ಲೆಕ್ಕದಲ್ಲಿ ಕೂಲಿ ಪಡೆಯುವ ಹೆಣ್ಣುಮಗಳಿಗೆ ದಾರ ಕಡಿಯುವುದೆಂದರೆ ಅಷ್ಟು ಹೊತ್ತು ಕಡಿದು ಹೋದಂತೆ.

ಈಗ, ಆರಂಭದಲ್ಲಿ ಮುಂದೂಡಿದ ಮಾತಿಗೆ ಬರುತ್ತೇನೆ.

೧೯೯೧ನೆಯ ಇಸವಿಯ ಮಳೆಗಾಲ. ಬಿ.ಎ. ತರಗತಿಗೆ ವಚನ ಸಾಹಿತ್ಯದ ಪಾಠ. ಅಂದು ಕದಿರ ರೆಮ್ಮವ್ವೆಯ ಸರದಿ. ಹನ್ನೆರಡನೆಯ ಶತಮಾನದ ಈ ಶರಣೆ ನೂಲುವುದನ್ನೇ ಕಾಯಕವಾಗಿ ಉಳ್ಳವಳು. ಅವಳ ವಚನಗಳು ಬೆರಳೆಣಿಕೆಯಷ್ಟು ಮಾತ್ರ ದೊರೆತಿವೆ. ಅವುಗಳಲ್ಲಿ ಒಂದರಲ್ಲಿ ಅವಳು ತನ್ನ ರಾಟೆಯ ಒಂದೊಂದು ಅಂಗವನ್ನೂ ಒಂದೊಂದು ದೈವವಾಗಿ ಕಾಣುತ್ತಾಳೆ. ಕದಿರು ಅವಳಿಗೆ ಅರಿವು, ತಿರುಗಿಸುವ ಕೈ ಭಕ್ತಿ. ನೂಲು ಸುತ್ತಿ ಸುತ್ತಿ ಕದಿರು ತುಂಬಿದ ಮೇಲೆ, ಇನ್ನು ರಾಟೆಯನ್ನು ತಿರುಗಿಸುವುದು ತನ್ನಿಂದಾಗದೆಂಬ ಮಾತು ಬರುತ್ತದೆ. ನಾನು ಅದನ್ನು ಬಹು ಭಾವಪೂರ್ಣವಾಗಿ ವಿವರಿಸಿದೆ. ಸಂಸಾರದ ದಣಿವು, ಜೀವದ ಬಳಲಿಕೆ, ವೈರಾಗ್ಯ ಎಂದೆಲ್ಲ ಹೇಳಿದೆ. ತರಗತಿ ನಿಶ್ಶಬ್ದವಾಗಿತ್ತು. ಹಿಂದಿನ ಬೆಂಚಿನಲ್ಲಿ ಹಳ್ಳಿಯ ಹುಡುಗನೊಬ್ಬ ಎದ್ದು ನಿಂತ. ಅವನ ತಾಯಿ ಖಾದಿ ಕೇಂದ್ರವೊಂದಕ್ಕೆ ನೂಲುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು.

“ಸರ್, ಆಕಿಗೆ ದಣಿವಾಗಿಲ್ರಿ. ಕದರು ತುಂಬಿದ ಮ್ಯಾಲ ಯಾರಿಗೂ ರಾಟಿ ತಿರುವಾಕ ಬರಂಗಿಲ್ರಿ” ಎಂದ.

ನಾನು ಹೇಳಿದೆ: “ಇದು ಉದ್ಯೋಗದ ತರಗತಿಯಲ್ಲಪ್ಪ, ಸಾಹಿತ್ಯದ ತರಗತಿ. ಕೂತುಕೋ.”

ತರಗತಿ ನಕ್ಕಿತು. ಹುಡುಗ ಕುಳಿತ. ಆ ವರ್ಷವಿಡೀ ಅವನು ನನ್ನ ತರಗತಿಯಲ್ಲಿ ಮತ್ತೆ ಬಾಯಿ ತೆರೆಯಲಿಲ್ಲ. ನಾನು ಅದನ್ನು ಗಮನಿಸಲೂ ಇಲ್ಲ. ಅದೇ ವಿವರಣೆಯನ್ನು ಮುಂದೆ ಎಷ್ಟೋ ತರಗತಿಗಳಿಗೆ ಹೇಳಿದೆ. ನನ್ನ ಬೀಳ್ಕೊಡುಗೆಯ ಸಭೆಯಲ್ಲಿಯೂ ರೆಮ್ಮವ್ವೆಯನ್ನು ನೆನೆದು, ನಾನೂ ದಣಿದಿದ್ದೇನೆ, ನನ್ನಿಂದಲೂ ಇನ್ನು ಸಾಗದು ಎಂದು ಗದ್ಗದನಾಗಿ ಹೇಳಿ ಕುಳಿತೆ. ಸಭಿಕರಲ್ಲಿ ಕೆಲವರು ಕಣ್ಣೊರಸಿಕೊಂಡರು.

ರಾಟೆ ತಂದು ಎಂಟನೆಯ ತಿಂಗಳಲ್ಲಿ ನನ್ನ ಕದಿರು ಮೊದಲ ಬಾರಿಗೆ ಪೂರ್ತಿ ತುಂಬಿತು. ಅಲ್ಲಿಯವರೆಗೆ ದಾರ ಕಡಿಯುತ್ತಿದ್ದುದರಿಂದ ತುಂಬುವ ಪ್ರಸಂಗವೇ ಬಂದಿರಲಿಲ್ಲ. ಅಂದು ಬೆರಳುಗಳು ಹದದಲ್ಲಿದ್ದವು, ಹಂಜಿಯೂ ಬೇಕಾದಷ್ಟಿತ್ತು, ಇನ್ನೂ ನೂಲುವ ಆಸೆಯಿತ್ತು. ಆದರೆ ನೂಲಿನ ಹೊಟ್ಟೆ ಬೆಳೆದು ಕದಿರಿನ ಮೊನೆಯ ಬಳಿಗೆ ಬಂದಿತ್ತು. ಸುತ್ತಿದ ಎಳೆ ನಿಲ್ಲದೆ ಜಾರಿತು. ಕದಿರು ಭಾರವಾಗಿ ನಡುಗತೊಡಗಿತು. ಅದನ್ನು ತಿರುಗಿಸುವ ದಾರ ಹಿಡಿತ ತಪ್ಪಿತು. ಬಲವಾಗಿ ತಿರುಗಿಸಿದೆ, ಚಕ್ರ ತಿರುಗಿತು, ಕದಿರು ತಿರುಗಲಿಲ್ಲ. ಆ ಕ್ಷಣದಲ್ಲಿ, ಮೂರು ದಶಕಗಳ ಆಚೆಯಿಂದ, ಆ ಹುಡುಗನ ಮಾತು ನನಗೆ ಕೇಳಿಸಿತು.

ನನಗೆ ದಣಿವಾಗಿರಲಿಲ್ಲ. ಕದಿರು ತುಂಬಿತ್ತು.

ನಾನು ಒಬ್ಬ ಕಾಯಕಜೀವಿಯ ತೃಪ್ತಿಯ ಮಾತನ್ನು ಸೋಲಿನ ಮಾತಾಗಿ ಓದಿದ್ದೆ. ಓದಿದ್ದು ಮಾತ್ರವಲ್ಲ, ಸರಿಯಾಗಿ ಓದಬಲ್ಲವನೊಬ್ಬನು ಎದ್ದು ನಿಂತಾಗ ಕೂಡಿಸಿದ್ದೆ. ವಚನಕ್ಕೆ ಒಂದೇ ಅರ್ಥವೆಂದು ನಾನು ಈಗಲೂ ಹೇಳುವುದಿಲ್ಲ. ವೈರಾಗ್ಯದ ಅರ್ಥಕ್ಕೂ ಅಲ್ಲಿ ಎಡೆಯಿರಬಹುದು. ಆದರೆ ಕದಿರು ತುಂಬುವುದೆಂದರೆ ಏನೆಂದು ತಿಳಿಯದವನು ಆ ಅರ್ಥಕ್ಕೆ ಏರಿದರೆ ಅದು ಏಣಿಯಿಲ್ಲದೆ ಅಟ್ಟ ಹತ್ತಿದಂತೆ. ನಮ್ಮ ವಚನಕಾರರು ಅಧ್ಯಾತ್ಮಕ್ಕೆ ಒಂದು ಹೋಲಿಕೆ ಬೇಕೆಂದು ರಾಟೆಯನ್ನು ಹುಡುಕಿಕೊಂಡು ಹೋದವರಲ್ಲ. ರಾಟೆಯ ಮುಂದೆ ಕುಳಿತೇ ಇದ್ದರು.

ತುಂಬಿದ ಕದಿರನ್ನು ಏನು ಮಾಡುತ್ತಾರೆ? ನೂಲನ್ನು ಬಿಚ್ಚಿ ಲಡಿ ಸುತ್ತುತ್ತಾರೆ. ಕದಿರು ಬರಿದಾಗುತ್ತದೆ. ಮರುದಿನ ಮತ್ತೆ ಹಂಜಿ ಹಿಡಿಯುತ್ತಾರೆ. ನಾನೂ ಅದನ್ನೇ ಮಾಡುತ್ತಿದ್ದೇನೆ. ಕಳೆದ ಚಳಿಗಾಲದಲ್ಲಿ ಆ ಟವೆಲು ಮುಗಿಯಿತು. ಅಂಚು ಸೊಟ್ಟಗಿದೆ, ನಡುವೆ ಎರಡು ಕಡೆ ಹಾಸಿನ ಎಳೆ ತಪ್ಪಿದೆ. ಮನೆಯವರು ಅದನ್ನು ಮಡಿಸಿ ಕಪಾಟಿನಲ್ಲಿಡಹೋದರು. ನಾನು ಬೇಡವೆಂದು ದಿನವೂ ಕೈ ಒರಸಲು ಬಳಸುತ್ತೇನೆ.

ಆ ಹುಡುಗ ಈಗ ಐವತ್ತು ದಾಟಿದವನು. ಹಳೆಯ ವಿದ್ಯಾರ್ಥಿಗಳಲ್ಲಿ ವಿಚಾರಿಸಿದೆ. ಅವನಿರುವ ಊರು ಯಾರಿಗೂ ತಿಳಿಯದು. ಅವನ ಹೆಸರನ್ನು ಹೀಗೆ ಬಹಿರಂಗವಾಗಿ ಹೇಳುವುದು ಸರಿಯಲ್ಲವೆಂದು ಹೇಳುತ್ತಿಲ್ಲ, ನಾನು ಮರೆತಿಲ್ಲ. ರೇಡಿಯೋ ಎಲ್ಲಿಯವರೆಗೆ ಕೇಳುತ್ತದೋ ಯಾರು ಬಲ್ಲರು. ಅಪ್ಪಾ, ಎಲ್ಲಿಯಾದರೂ ನೀನು ಇದನ್ನು ಕೇಳುತ್ತಿದ್ದರೆ, ಅಂದು ನೀನು ಹೇಳಿದ್ದು ಸರಿಯಾಗಿತ್ತು. ನಿನ್ನ ಮೇಷ್ಟ್ರಿಗೆ ಪಾಠ ಅರ್ಥವಾಗಲು ಸ್ವಲ್ಪ ತಡವಾಯಿತು. ಆ ದಿನ ನಿನಗೆ ಕೂತುಕೋ ಎಂದೆನಲ್ಲ, ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನಿನ್ನ ತಾಯಿಯವರು ಇದ್ದರೆ ಅವರಿಗೆ ನನ್ನ ನಮಸ್ಕಾರ ತಿಳಿಸು.